ದಂಡೆಯ ಹಾದಿ: ಮೋಟಾರು ಮುಟ್ಟದ ಒಂದು ಮಾರ್ಗದ ವಿಚಾರ

ರಸ್ತೆಯೆಂದರೆ ವೇಗ, ವೇಗವೆಂದರೆ ಪ್ರಗತಿ ಎಂಬ ಭಾವನೆ ಈ ಕಾಲದ ಮನಸ್ಸಿನಲ್ಲಿ ಬಹು ಆಳವಾಗಿ ಬೇರೂರಿದೆ. ಊರಿಗೆ ಡಾಂಬರು ಬಂದ ದಿನವೇ ಊರು ಉದ್ಧಾರವಾದ ದಿನವೆಂದು ಬಗೆಯುವುದು ವಾಡಿಕೆ. ಇದರಲ್ಲಿ ಸತ್ಯಾಂಶವಿಲ್ಲವೆಂದಲ್ಲ. ಹೆರಿಗೆಯ ನೋವಿನಲ್ಲಿದ್ದ ಹೆಂಗಸನ್ನು ಮಳೆಗಾಲದ ಕೆಸರಿನಲ್ಲಿ ಬಂಡಿಯ ಮೇಲೆ ಸಾಗಿಸಿದ ಕಾಲವನ್ನು ಕಂಡ ಹಿರಿಯರು ಡಾಂಬರನ್ನು ಹಳಿಯಲಾರರು. ಆದರೆ ಎಲ್ಲ ಹಾದಿಗಳೂ ಒಂದೇ ಕೆಲಸಕ್ಕಾಗಿ ಹುಟ್ಟಿದವಲ್ಲ. ನಡೆಯುವವನಿಗೂ ಸೈಕಲ್ ತುಳಿಯುವವನಿಗೂ ಮಾತ್ರ ಮೀಸಲಾದ, ಮೋಟಾರು ವಾಹನಕ್ಕೆ ಪ್ರವೇಶವೇ ಇಲ್ಲದ, ಜಲ್ಲಿಪುಡಿ ಹಾಸಿದ ಹಾದಿಯೊಂದು ನಾಡಿಗೆ ಅವಶ್ಯವೇ, ಅಥವಾ ಅದು ಸಿರಿವಂತ ದೇಶಗಳ ವಿಲಾಸವೇ ಎಂಬ ಪ್ರಶ್ನೆ ಗಂಭೀರವಾಗಿ ಆಲೋಚಿಸತಕ್ಕದ್ದು. ಈ ಪ್ರಶ್ನೆಗೆ ತಕ್ಕ ಉತ್ತರವನ್ನು ಅಮೆರಿಕದ ಒಂದು ಹಳೆಯ ಕಾಲುವೆಯ ಚರಿತ್ರೆ ಒದಗಿಸುತ್ತದೆ.

ಅಮೆರಿಕ ಸಂಯುಕ್ತ ಸಂಸ್ಥಾನದ ರಾಜಧಾನಿಯಾದ ವಾಷಿಂಗ್ಟನ್ನಿನ ಜಾರ್ಜ್‌ಟೌನ್ ಭಾಗದಿಂದ ಹೊರಟು, ಪೊಟೋಮ್ಯಾಕ್ ನದಿಯ ಎಡದಂಡೆಯನ್ನೇ ಅನುಸರಿಸಿ, ಮೇರಿಲ್ಯಾಂಡ್ ರಾಜ್ಯದ ಕಂಬರ್ಲೆಂಡ್ ಪಟ್ಟಣವನ್ನು ಮುಟ್ಟುವ ಈ ಕಾಲುವೆಗೆ ಚೆಸಪೀಕ್–ಓಹಾಯೋ ಕಾಲುವೆಯೆಂದು ಹೆಸರು. ಉದ್ದ 184.5 ಮೈಲಿ, ಎಂದರೆ ಸುಮಾರು 297 ಕಿಲೋಮೀಟರು. 1828ರ ಜುಲೈ 4ರಂದು ಅಧ್ಯಕ್ಷ ಜಾನ್ ಕ್ವಿನ್ಸಿ ಆಡಮ್ಸ್ ಅವರು ಮೊದಲ ಗುದ್ದಲಿ ಹಾಕಿದರು. ವಿಧಿಯ ವಿನೋದವೆಂದರೆ, ಅದೇ ದಿನ ನೆರೆಯ ಬಾಲ್ಟಿಮೋರ್ ನಗರದಲ್ಲಿ ಬಾಲ್ಟಿಮೋರ್–ಓಹಾಯೋ ರೈಲುಮಾರ್ಗಕ್ಕೂ ಅಸ್ತಿಭಾರ ಬಿದ್ದಿತು. ಎರಡೂ ಪಶ್ಚಿಮದ ಓಹಾಯೋ ನದಿಯ ಕಣಿವೆಯನ್ನು ಮುಟ್ಟುವ ಹಂಬಲದಿಂದ ಹೊರಟವು. ರೈಲು 1842ರಲ್ಲಿ ಕಂಬರ್ಲೆಂಡ್ ಸೇರಿ ಮುಂದೆ ಸಾಗಿತು. ಕಾಲುವೆ ಅಲ್ಲಿಗೆ ತಲುಪಿದ್ದು 1850ರಲ್ಲಿ; ಅದೇ ಅದರ ಕೊನೆಯ ನಿಲುಗಡೆಯೂ ಆಯಿತು.

ಈ ಕಾಲುವೆಯನ್ನು ತೋಡಿದವರಲ್ಲಿ ಐರ್ಲೆಂಡಿನಿಂದ ಹೊಟ್ಟೆಪಾಡಿಗಾಗಿ ಬಂದ ಕೂಲಿಕಾರರ ಸಂಖ್ಯೆ ದೊಡ್ಡದು. 1832ರ ಕಾಲರಾ ಬೇನೆ ಅವರ ಬಿಡಾರಗಳನ್ನು ಹೊಕ್ಕು ಅನೇಕರನ್ನು ಬಲಿ ತೆಗೆದುಕೊಂಡಿತು. ಇಂದು ಆ ದಂಡೆಯ ಮೇಲೆ ಹಕ್ಕಿಗಳ ದನಿ ಕೇಳುತ್ತ ಸೈಕಲ್ ತುಳಿಯುವವರು ಯಾರ ಬೆವರಿನ ಮೇಲೆ ಸಾಗುತ್ತಿದ್ದಾರೆಂಬುದು ನೆನಪಿರತಕ್ಕ ಸಂಗತಿ.

ದೋಣಿಗಳಿಗೆ ಯಂತ್ರವಿರಲಿಲ್ಲ, ಹಾಯಿಯೂ ಇರಲಿಲ್ಲ. ದಂಡೆಯ ಮೇಲೆ ನಡೆಯುವ ಹೇಸರಗತ್ತೆಗಳು ಉದ್ದನೆಯ ಹಗ್ಗದಿಂದ ಅವನ್ನು ಎಳೆಯುತ್ತಿದ್ದವು. ಕಂಬರ್ಲೆಂಡಿನ ಕಲ್ಲಿದ್ದಲನ್ನು ನೂರು ಟನ್ನಿಗೂ ಮೀರಿ ಹೊತ್ತ ದೋಣಿಯನ್ನು ಎರಡೋ ಮೂರೋ ಹೇಸರಗತ್ತೆಗಳು ಎಳೆದರೆ, ಸರದಿಯವು ದೋಣಿಯ ಮುಂಭಾಗದ ಲಾಯದಲ್ಲಿ ವಿಶ್ರಮಿಸುತ್ತಿದ್ದವು. ದೋಣಿಯ ಯಜಮಾನನ ಸಂಸಾರವೆಲ್ಲ ದೋಣಿಯಲ್ಲೇ. ಹಸುಗೂಸುಗಳು ನೀರಿಗೆ ಬೀಳದಂತೆ ಸೊಂಟಕ್ಕೆ ಹಗ್ಗ ಕಟ್ಟಿ ದೋಣಿಗೆ ಬಿಗಿಯುತ್ತಿದ್ದರು. ಸ್ವಲ್ಪ ದೊಡ್ಡವರಾದ ಬಾಲಕ ಬಾಲಕಿಯರು ಹೇಸರಗತ್ತೆಗಳನ್ನು ನಡೆಸಿಕೊಂಡು ದಿನವೆಲ್ಲ ಮೈಲಿಗಟ್ಟಲೆ ನಡೆಯುತ್ತಿದ್ದರು. ಚಳಿಗಾಲದಲ್ಲಿ ಕಾಲುವೆಯ ನೀರು ತೆಗೆದು ದೋಣಿಗಳು ನಿಂತಾಗಲೇ ಆ ಮಕ್ಕಳಿಗೆ ಶಾಲೆಯ ಮುಖದರ್ಶನ. ಅಧ್ಯಾಪಕರಾದವರಿಗೆ ಈ ವಿವರದ ಮೇಲೆ ವ್ಯಾಖ್ಯಾನ ಬೇಕಿಲ್ಲ. ಹೀಗೆ ಮೂಕಪ್ರಾಣಿಗಳ ಗೊರಸು ಮತ್ತು ಮಕ್ಕಳ ಪಾದ ಸವೆಸಿದ ಆ ಹಾದಿಯೇ ಇಂದು ಸೈಕಲ್ ಹಾದಿ.

1889ರ ಮಹಾಪ್ರವಾಹದಲ್ಲಿ ಕಾಲುವೆ ನುಚ್ಚುನೂರಾಗಿ, ಅದರ ಆಡಳಿತ ಪ್ರತಿಸ್ಪರ್ಧಿಯಾದ ರೈಲುಕಂಪನಿಯ ವಶಕ್ಕೆ ಹೋಯಿತು. 1924ರ ಪ್ರವಾಹದ ನಂತರ ದೋಣಿಸಂಚಾರ ನಿಂತೇಹೋಯಿತು. 1938ರಲ್ಲಿ ಕೇಂದ್ರ ಸರ್ಕಾರ 20 ಲಕ್ಷ ಡಾಲರಿಗೆ ಕಾಲುವೆಯನ್ನು ಕೊಂಡಿತು. ವಾಷಿಂಗ್ಟನ್ನಿಗೆ ಹತ್ತಿರದ 22 ಮೈಲಿಯಷ್ಟನ್ನು ಸರಿಪಡಿಸಲಾಯಿತು. ಮಿಕ್ಕ ಭಾಗವನ್ನು ಕಾಡು ತನ್ನದಾಗಿಸಿಕೊಂಡಿತು. ಮನುಷ್ಯನು ಕೈಬಿಟ್ಟ ನೆಲವನ್ನು ಪ್ರಕೃತಿ ಎಷ್ಟು ಬೇಗ ಮರಳಿ ಪಡೆಯುತ್ತದೆಂಬುದಕ್ಕೆ ಅದು ಒಳ್ಳೆಯ ನಿದರ್ಶನ. ನೀರಿದ್ದ ಪಾತ್ರದಲ್ಲಿಯೇ ಮೇಪಲ್ ಮರಗಳು ಎದ್ದು ನಿಂತವು. ನದಿಯ ಬದಿಗೆ ಬಿಳಿತೊಗಟೆಯ ಸಿಕಮೋರ್ ಮರಗಳು ಬೆಳೆದವು. ನೆರಳಿನಲ್ಲಿ ಪಾ ಪಾ ಎಂಬ ಕಾಡುಹಣ್ಣಿನ ಗಿಡಗಳು ಒತ್ತಾದವು. (ಹೆಸರಿನಿಂದ ಪರಂಗಿಹಣ್ಣೆಂದು ಭ್ರಮೆಪಡಬೇಕಾಗಿಲ್ಲ, ಇದು ಸೀತಾಫಲದ ಬಳಗಕ್ಕೆ ಸೇರಿದ್ದು.) ನಿಂತ ನೀರಿನಲ್ಲಿ ಆಮೆಗಳು, ಅವುಗಳ ನೆರೆಯಲ್ಲಿ ಒಂಟಿಕಾಲಿನ ನೀಲಿಬಕ.

ಈ ಏಕಾಂತಕ್ಕೆ ಆಪತ್ತು ಬಂದದ್ದು ಮೋಟಾರಿನಿಂದ. ನದೀಕಣಿವೆಯ ಸೊಬಗನ್ನು ಕಾರಿನಲ್ಲಿ ಕುಳಿತು ನೋಡಲು ಅನುಕೂಲವಾಗುವಂತೆ ಕಾಲುವೆಯ ನೆಲದ ಮೇಲೆಯೇ ವಿಹಾರರಸ್ತೆಯೊಂದನ್ನು ಕಟ್ಟಬೇಕೆಂಬ ಯೋಜನೆ ಸಿದ್ಧವಾಯಿತು. 1954ರ ಜನವರಿಯಲ್ಲಿ ‘ವಾಷಿಂಗ್ಟನ್ ಪೋಸ್ಟ್’ ಪತ್ರಿಕೆ ತನ್ನ ಸಂಪಾದಕೀಯದಲ್ಲಿ ಈ ಯೋಜನೆಯನ್ನು ಬೆಂಬಲಿಸಿತು. ಪತ್ರಿಕೆಯ ವಾದ ದುರುದ್ದೇಶದ್ದಾಗಿರಲಿಲ್ಲ. ಮೈಲಿಗಟ್ಟಲೆ ನಡೆಯಬಲ್ಲವರು ಕೆಲವೇ ಮಂದಿ. ರಸ್ತೆಯಾದರೆ ಸಾವಿರಾರು ಸಂಸಾರಗಳು ಕಣಿವೆಯ ಸೌಂದರ್ಯವನ್ನು ಸವಿದಾವು ಎಂಬುದೇ ಅದರ ತಾತ್ಪರ್ಯ. ಪ್ರಜಾಪ್ರಭುತ್ವದ ನ್ಯಾಯದಂತೆಯೇ ಕಾಣುವ ಈ ವಾದವನ್ನು ತಳ್ಳಿಹಾಕುವುದು ಸುಲಭವಲ್ಲ.

ಇದಕ್ಕೆ ಉತ್ತರ ಕೊಟ್ಟವರು ಸರ್ವೋಚ್ಚ ನ್ಯಾಯಾಲಯದ ನ್ಯಾಯಾಧೀಶರಾಗಿದ್ದ ವಿಲಿಯಂ ಡಗ್ಲಾಸ್. ಅವರು 1898ರಲ್ಲಿ ಹುಟ್ಟಿದವರು. ಬಾಲ್ಯದಲ್ಲಿ ತೀವ್ರವಾದ ಕಾಯಿಲೆಗೆ ಸಿಕ್ಕಿ, ಕ್ಷೀಣಿಸಿದ ಕಾಲುಗಳಿಗೆ ಬೆಟ್ಟ ಹತ್ತಿ ಹತ್ತಿಯೇ ಬಲ ತಂದುಕೊಂಡವರು. ಕಾಲುವೆಯ ದಂಡೆಯ ಮೇಲೆ ನಡೆಯುವುದು ಅವರ ನೆಚ್ಚಿನ ಅಭ್ಯಾಸ. ಅವರು ಪತ್ರಿಕೆಗೆ ಒಂದು ಪತ್ರ ಬರೆದರು. ಅದರಲ್ಲಿ ತರ್ಕಕ್ಕಿಂತ ಹೆಚ್ಚಾಗಿ ಇದ್ದದ್ದು ಒಂದು ಆಮಂತ್ರಣ. ಸಂಪಾದಕೀಯ ಬರೆದವರು ಬಿಡುವು ಮಾಡಿಕೊಂಡು ತಮ್ಮೊಡನೆ ಕಾಲುವೆಯ ಪೂರ್ತಿ ಉದ್ದ ನಡೆದು ಬರಲಿ, ಆಮೇಲೆ ಅಭಿಪ್ರಾಯ ಹೇಳಲಿ ಎಂಬುದು ಅದರ ಸಾರ. ಸಂಪಾದಕರು ಆ ಸವಾಲನ್ನು ಸ್ವೀಕರಿಸಿದರು. ಇದು ಅವರ ದೊಡ್ಡತನ.

1954ರ ಮಾರ್ಚ್ 20ರಂದು ಕಂಬರ್ಲೆಂಡಿನಿಂದ ತಂಡ ಹೊರಟಿತು. ಸಂಪಾದಕೀಯ ವಿಭಾಗದ ರಾಬರ್ಟ್ ಎಸ್ಟಬ್ರೂಕ್ ಮತ್ತು ಮೆರ್ಲೊ ಪ್ಯೂಸಿ ಅದರಲ್ಲಿದ್ದರು. ಪ್ರಕೃತಿಶಾಸ್ತ್ರಜ್ಞರೂ ಪತ್ರಕರ್ತರೂ ಇತರ ಆಸಕ್ತರೂ ಕೂಡಿಕೊಂಡಿದ್ದರು. ಎಂಟು ದಿನಗಳ ನಡಿಗೆ. ದಾರಿಯುದ್ದಕ್ಕೂ ಅನೇಕರು ಬಂದು ಕೂಡಿದರು, ಅನೇಕರು ಕಾಲಿನ ಬೊಕ್ಕೆ ತಾಳಲಾರದೆ ಬಿಟ್ಟರು. ಸಂಪೂರ್ಣ ದೂರವನ್ನು ನಡೆದು ಮುಗಿಸಿದವರು ಒಂಬತ್ತು ಮಂದಿ ಮಾತ್ರ. ಐವತ್ತೈದು ವಯಸ್ಸಿನ ಡಗ್ಲಾಸ್ ಅವರಲ್ಲೊಬ್ಬರು. ನಡಿಗೆ ಮುಗಿದ ಕೆಲವೇ ದಿನಗಳಲ್ಲಿ ಪತ್ರಿಕೆ ತನ್ನ ನಿಲುವನ್ನು ಬದಲಾಯಿಸಿತು. ಕಾಲುವೆಯ ಬಹುಭಾಗವನ್ನು ಇದ್ದಂತೆಯೇ ಉಳಿಸಬೇಕೆಂದು ಬರೆಯಿತು.

ಈ ಪ್ರಸಂಗದಲ್ಲಿ ಗಮನಿಸತಕ್ಕ ಅಂಶವೊಂದಿದೆ. ನ್ಯಾಯಾಧೀಶರಾದವರು ವಾದ ಪ್ರತಿವಾದಗಳನ್ನು ಆಲಿಸಿಯೇ ಜೀವಿಸುವವರು. ಅಂಥವರು ವಾದವನ್ನು ಬದಿಗಿಟ್ಟು, ಎದುರಾಳಿಯನ್ನು ನೆಲದ ಮೇಲೆ ನಡೆಸಿದರು. ನಕಾಶೆಯ ಮೇಲೆ ಕಾಲುವೆಯೊಂದು ಖಾಲಿ ಗೆರೆ. ಅದರ ಮೇಲೆ ರಸ್ತೆ ಎಳೆಯಲು ಒಂದು ಪೆನ್ಸಿಲು ಸಾಕು. ಕಾಲಿನಡಿಯಲ್ಲಿ ಅದೇ ಗೆರೆ ಮರವಾಗಿ, ಸೇತುವೆಯಾಗಿ, ನೆರಳಾಗಿ, ನದಿಯ ಸದ್ದಾಗಿ ಬಿಚ್ಚಿಕೊಳ್ಳುತ್ತದೆ. ಕಾರಿನಿಂದ ಸಾವಿರ ಮಂದಿ ನೋಡಬಹುದೆಂಬ ಮಾತು ಸರಿ. ಆದರೆ ಅವರು ನೋಡಲು ಬರುವ ವಸ್ತು ಅವರು ಬರುವ ರಸ್ತೆಯಿಂದಲೇ ಇಲ್ಲವಾಗುತ್ತದೆಯೆಂಬುದು ನಡೆದವರಿಗೆ ಮಾತ್ರ ತಿಳಿಯಿತು.

ಜಯ ಒಂದೇ ದಿನದಲ್ಲಿ ಕೈಗೂಡಲಿಲ್ಲ. 1961ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಕಾಲುವೆಯ ಒಂದು ಭಾಗವನ್ನು ರಾಷ್ಟ್ರೀಯ ಸ್ಮಾರಕವೆಂದು ಸಾರಿದರು. 1971ರ ಜನವರಿ 8ರಂದು ಅಧ್ಯಕ್ಷ ನಿಕ್ಸನ್ ಅವರ ಅಂಕಿತದಿಂದ ಇಡೀ ಕಾಲುವೆ ಸುಮಾರು 20,000 ಎಕರೆಯ ರಾಷ್ಟ್ರೀಯ ಐತಿಹಾಸಿಕ ಉದ್ಯಾನವಾಯಿತು. ನಡಿಗೆಯಿಂದ ಶಾಸನಕ್ಕೆ ಹದಿನೇಳು ವರ್ಷ. ಅಂಚಿನ ಜಮೀನುಗಳ ಒಡೆಯರಲ್ಲಿ ಆತಂಕವಿತ್ತು. ನಗರದವರ ವಿಹಾರಕ್ಕಾಗಿ ತಮ್ಮ ನೆಲ ಹೋಗುವುದೆಂಬ ಅವರ ಅಳಲು ನಿರಾಧಾರವಾದುದಲ್ಲ. ಇಂಥ ಯೋಜನೆಗಳನ್ನು ಹೊಗಳುವವರು ಆ ಅಳಲನ್ನು ಮರೆಮಾಚುವುದು ನ್ಯಾಯವಲ್ಲ.

ಈಗ ಆ ಹಾದಿಯ ಸ್ವರೂಪವನ್ನು ಕೊಂಚ ನೋಡಬಹುದು. ಕಾಲುವೆಗೆ 74 ಲಾಕುಗಳಿವೆ. ಲಾಕೆಂದರೆ ಎರಡು ಕಡೆ ಬಾಗಿಲುಳ್ಳ ಕಲ್ಲಿನ ನೀರುಕೋಣೆ. ನೀರು ತುಂಬಿಸಿ ದೋಣಿಯನ್ನು ಮೇಲಕ್ಕೂ, ನೀರು ಬಿಟ್ಟು ಕೆಳಕ್ಕೂ ಒಯ್ಯುವ ಸಾಧನ. ಒಂದೊಂದೂ ದೋಣಿಯನ್ನು ಸುಮಾರು ಎಂಟು ಅಡಿ ಎತ್ತುತ್ತದೆ. ಹೀಗೆ 605 ಅಡಿಗಳ ಏರಿಕೆಯೆಲ್ಲ ಲಾಕುಗಳ ಬಳಿಯಲ್ಲಿಯೇ ಮುಗಿದುಹೋಗಿ, ನಡುವಣ ಹಾದಿ ಅಂಗೈಯಂತೆ ಸಮವಾಗಿದೆ. ಹೇಸರಗತ್ತೆಗೆ ಅನುಕೂಲವಾಗಲೆಂದು ಮಾಡಿದ ಈ ಸಮತಲ, ಹತ್ತು ವರ್ಷದ ಬಾಲಕನಿಗೂ ಎಪ್ಪತ್ತರ ವೃದ್ಧೆಗೂ ಸೈಕಲ್ ತುಳಿಯಲು ವರವಾಯಿತು. ಪೂರ್ತಿ ದೂರ ನಡೆಯಬಲ್ಲವರು ಒಂಬತ್ತೇ ಮಂದಿಯೆಂಬ ಹಳೆಯ ಆಕ್ಷೇಪಕ್ಕೆ ಸೈಕಲ್ ತಾನಾಗಿ ಉತ್ತರ ಕೊಟ್ಟಿತೆನ್ನಬೇಕು.

ದಾರಿಯಲ್ಲಿ ಮೊನೊಕಸಿ ಉಪನದಿಯನ್ನು ಕಾಲುವೆ ದಾಟುವ ಕಲ್ಲಿನ ಮೇಲ್ಗಾಲುವೆಯಿದೆ. ಕಮಾನುಗಳು ಏಳು, ಉದ್ದ 516 ಅಡಿ, ಕಟ್ಟಿ ಮುಗಿದದ್ದು 1833ರಲ್ಲಿ. ಅಂತರ್ಯುದ್ಧದ ಕಾಲದಲ್ಲಿ, 1862ರಲ್ಲಿ, ದಕ್ಷಿಣದ ಸೈನಿಕರು ಇದನ್ನು ಒಡೆಯಲು ಹೋಗಿ ಸೋತರು. ಅಷ್ಟು ಭದ್ರವಾದ ಕಟ್ಟಡವೂ ಪ್ರವಾಹಗಳಿಂದ ಶಿಥಿಲವಾಗಿ ಬಹುಕಾಲ ಉಕ್ಕಿನ ಪಟ್ಟಿಗಳ ಆಸರೆಯಲ್ಲಿ ನಿಂತಿತ್ತು. 2005ರಲ್ಲಿ ಜೀರ್ಣೋದ್ಧಾರ ಮುಗಿಯಿತು. ಇನ್ನೂ ಮುಂದೆ ಪಾ ಪಾ ಸುರಂಗ. 1836ರಲ್ಲಿ ಆರಂಭವಾದ ಈ 3,118 ಅಡಿಯ ಸುರಂಗ ಹಣದ ಮುಗ್ಗಟ್ಟಿನಿಂದಲೂ ಕೂಲಿಕಾರರ ಗಲಭೆಗಳಿಂದಲೂ ನಿಂತು ನಿಂತು 1850ರಲ್ಲಿ ಪೂರೈಸಿತು. ಒಳಗೋಡೆಗೆ ಅರವತ್ತು ಲಕ್ಷದಷ್ಟು ಇಟ್ಟಿಗೆ ಹಿಡಿಯಿತು. ಎರಡು ದೋಣಿಗಳು ಏಕಕಾಲಕ್ಕೆ ಹಾಯಲಾರದ ಅಗಲ. ಒಮ್ಮೆ ಎದುರುಬದುರಾದ ಇಬ್ಬರು ಯಜಮಾನರು ಹಿಂದಕ್ಕೆ ಸರಿಯಲೊಪ್ಪದೆ ದಿನಗಟ್ಟಲೆ ಒಳಗೇ ಕುಳಿತರೆಂದೂ, ಮೇಲ್ವಿಚಾರಕನು ಹಸಿ ಜೋಳದ ದಂಟಿನ ಹೊಗೆ ಹಾಕಿಸಿ ಹೊರಡಿಸಿದನೆಂದೂ ಕಥೆಯಿದೆ. ಮನುಷ್ಯಸ್ವಭಾವವನ್ನು ಬಲ್ಲವರಿಗೆ ಇದು ನಂಬಲಾಗದ ಕಥೆಯೇನಲ್ಲ. ಇಂದಿಗೂ ಅಲ್ಲಿ ಸೈಕಲಿನಿಂದಿಳಿದು, ದೀಪ ಹಿಡಿದು, ಕತ್ತಲಿನಲ್ಲಿ ನಡೆದೇ ಹೋಗುವುದು ವಾಡಿಕೆ.

ಕಂಬರ್ಲೆಂಡಿನಾಚೆಗೆ ಕಾಲುವೆ ಹೋಗಲಿಲ್ಲವೆಂದು ಮೇಲೆ ಹೇಳಿದೆ. ಅಲ್ಲಿಂದ ಮುಂದೆ ಪಿಟ್ಸ್‌ಬರ್ಗಿನವರೆಗೆ, ರೈಲು ನಿಂತುಹೋದ ಹಳಿಜಾಡಿನ ಮೇಲೆ, ‘ಗ್ರೇಟ್ ಅಲೆಗೆನಿ ಪ್ಯಾಸೇಜ್’ ಎಂಬ 150 ಮೈಲಿಯ ಮತ್ತೊಂದು ಹಾದಿ ರೂಪುಗೊಂಡಿತು. ಅದರ ಮೊದಲ ತುಂಡು 1986ರಲ್ಲಿ ತೆರೆಯಿತು, ಕೊನೆಯದು 2013ರಲ್ಲಿ ಕೂಡಿತು. ಬೆಟ್ಟಸಾಲಿನ ನೀರುಹಂಚಿಕೆಯ ನೆತ್ತಿಯನ್ನು ಅದು 2,392 ಅಡಿ ಎತ್ತರದಲ್ಲಿ ದಾಟುತ್ತದೆ. ದೋಣಿ ಮುಟ್ಟಲಾರದ ಓಹಾಯೋ ನದಿಯನ್ನು ಕಡೆಗೆ ಸೈಕಲ್ ಮುಟ್ಟಿತು. ಕಾಲುವೆಯಂತೆಯೇ ಆ ಹಳಿಜಾಡೂ ಹಾಳುಬಿದ್ದು, ಎರಡಕ್ಕೂ ಒಂದೇ ಗತಿ ಒದಗಿ, ಇಂದು ಎರಡೂ ಒಂದೇ ಹಾದಿಯಾಗಿವೆ.

ಜಲ್ಲಿಯೇ ಏಕೆ, ಡಾಂಬರೇಕೆ ಬೇಡವೆಂದು ಕೇಳುವವರುಂಟು. ಅಲೆಗೆನಿ ಹಾದಿಯ ಬಹುಭಾಗಕ್ಕೆ ಹಾಸಿದ್ದು ಪುಡಿಮಾಡಿದ ಸುಣ್ಣಕಲ್ಲು. ಹೊಳೆಯ ದುಂಡುಕಲ್ಲು ಗಾಲಿಯಡಿ ಉರುಳಿ ಜಾರಿಸುತ್ತದೆ. ಯಂತ್ರದಲ್ಲಿ ಒಡೆದ ಕಲ್ಲಿಗೆ ಕೋನಗಳಿರುವುದರಿಂದ ಒಂದಕ್ಕೊಂದು ಕಚ್ಚಿಕೊಳ್ಳುತ್ತದೆ. ಸಂದುಗಳಲ್ಲಿ ಅದರದೇ ಹಿಟ್ಟು ಕೂತು, ನೀರು ಚಿಮುಕಿಸಿ ರೋಲರು ಹಾಯಿಸಿದರೆ ಗಾರೆಯಂತೆ ಗಟ್ಟಿಯಾಗುತ್ತದೆ. ಒಂದು ಬದಿಗೆ ಕೊಂಚ ಇಳಿಜಾರು ಕೊಟ್ಟು, ಅಂಚಿಗೆ ಚರಂಡಿ ತೆಗೆದರೆ ಮಳೆನೀರು ನಿಲ್ಲದು. ಕಿತ್ತ ಕಡೆ ಬುಟ್ಟಿ ಮಣ್ಣಿನಂತೆ ತಂದು ಸುರಿದು ತುಳಿದರೂ ದುರಸ್ತಿಯಾಯಿತು. ಹದವಾದ ಒರಟುತನ ವೇಗವನ್ನು ತಾನಾಗಿ ತಗ್ಗಿಸುತ್ತದೆ. ನಡೆಯುವವನಿಗೆ ಹಿಂದಿನಿಂದ ಬರುವ ಗಾಲಿಯ ಸದ್ದೂ ಕೇಳಿಸುತ್ತದೆ. ಕಾಲುವೆಯ ದಂಡೆಯಾದರೋ ಹಲವೆಡೆ ಬರಿಯ ಮಣ್ಣಾಗಿದ್ದು ಮಳೆಬಂದರೆ ಕೆಸರಾಗುತ್ತಿತ್ತು. ಈಚಿನ ವರ್ಷಗಳಲ್ಲಿ ಅದರ ಅನೇಕ ಭಾಗಗಳಿಗೆ ಜಲ್ಲಿಪುಡಿ ಹಾಸಲಾಗಿದೆ. ಹೊರದೇಶಗಳಲ್ಲಿ ಇಂಥ ಹಾದಿಗೆಂದೇ ದಪ್ಪ ಟೈರಿನ ದುಬಾರಿ ಸೈಕಲುಗಳು ಮಾರಾಟಕ್ಕಿವೆ. ಹಿಂದೆ ಕ್ಯಾರಿಯರು, ಮುಂದೆ ಡೈನಮೋ ದೀಪವುಳ್ಳ ಕನ್ನಡನಾಡಿನ ಕರಿ ಸೈಕಲು ಎಪ್ಪತ್ತು ವರ್ಷಗಳಿಂದ ಜೋಳದ ಚೀಲ ಹೊತ್ತು ಅದೇ ಕೆಲಸವನ್ನು ಮಾಡುತ್ತಿದೆಯೆಂಬುದು ಅವರಿಗೆ ತಿಳಿಯದು!

ಶಾಸನದಿಂದ ಹಾದಿ ಉಳಿಯಿತೆಂದುಕೊಂಡರೆ ಅದು ಅರ್ಧಸತ್ಯ. ಉದ್ಯಾನವಾದ ಮರುವರ್ಷವೇ, 1972ರ ಜೂನಿನಲ್ಲಿ, ಆಗ್ನೆಸ್ ಚಂಡಮಾರುತದ ಪ್ರವಾಹ ದಂಡೆಯನ್ನು ಕೊಚ್ಚಿತು. 1985ರಲ್ಲಿ ಮತ್ತೆ, 1996ರಲ್ಲಿ ಒಂದೇ ವರ್ಷಕ್ಕೆ ಎರಡು ಬಾರಿ. ಸರ್ಕಾರದ ಹಣ ನಿಧಾನವಾಗಿ ಬರುತ್ತದೆ, ನದಿ ಬೇಗ ಬರುತ್ತದೆ. ಡಗ್ಲಾಸ್ ಅವರ ನಡಿಗೆಯಿಂದ ಹುಟ್ಟಿದ ಕೂಟವೊಂದು ಕಾಲುವೆ ಸಂಘವಾಗಿ ಬೆಳೆದು, ಸೊಗಸಾದ ಒಂದು ಪದ್ಧತಿಯನ್ನು ರೂಢಿಗೆ ತಂದಿದೆ. ಇಡೀ ಕಾಲುವೆಯನ್ನು ಸಣ್ಣ ಸಣ್ಣ ತುಂಡುಗಳಾಗಿ ಹಂಚಿ, ಒಂದೊಂದನ್ನು ಒಬ್ಬೊಬ್ಬ ಸ್ವಯಂಸೇವಕನಿಗೆ ಒಪ್ಪಿಸುತ್ತಾರೆ. ಅವನು ವರ್ಷಕ್ಕೆ ಹಲವು ಬಾರಿ ತನ್ನ ತುಂಡನ್ನು ನಡೆದು, ಕಸ ಆರಿಸಿ, ಬಿದ್ದ ಮರ, ಕುಸಿದ ದಂಡೆ, ಸಡಿಲವಾದ ಕಲ್ಲುಗಳನ್ನು ಬರೆದು ತಿಳಿಸಬೇಕು. ಮಾಡುವುದು ಅಷ್ಟೇ. ಅಧಿಕಾರವಿಲ್ಲ, ಸಂಬಳವಿಲ್ಲ. ದಾನಿಗಳು ಕಟ್ಟಡಕ್ಕೆ ಕೊಟ್ಟಷ್ಟು ಸಂತೋಷದಿಂದ ದುರಸ್ತಿಗೆ ಕೊಡುವುದಿಲ್ಲವೆಂಬುದು ಎಲ್ಲ ಸಂಸ್ಥೆಗಳ ಅನುಭವ. ಹೊಸ ಕಟ್ಟಡಕ್ಕೆ ಶಿಲಾಫಲಕವುಂಟು, ಸುಣ್ಣ ಬಳಿದದ್ದಕ್ಕಿಲ್ಲ. ಈ ಹಾದಿ ಮಾತ್ರ ಶಿಲಾಫಲಕವಿಲ್ಲದ ಕೆಲಸದಿಂದಲೇ ನಿಂತಿದೆ.

ಈ ದೂರದೇಶದ ವೃತ್ತಾಂತಕ್ಕೂ ಕನ್ನಡನಾಡಿನ ಶಾಲೆಗಳಿಗೂ ಸಂಬಂಧವೇನೆಂದು ಕೇಳಬಹುದು. ಕರ್ನಾಟಕದಲ್ಲಿ ಕಾಲುವೆಗಳಿಗೆ ಬರವಿಲ್ಲ. ತುಂಗಭದ್ರೆಯ ಎಡದಂಡೆ ಕಾಲುವೆಯೊಂದೇ 227 ಕಿಲೋಮೀಟರು ಉದ್ದವಿದೆ. ಭದ್ರಾ, ಘಟಪ್ರಭಾ, ಮಲಪ್ರಭಾ, ನಾರಾಯಣಪುರ, ವಿಶ್ವೇಶ್ವರಯ್ಯ ನಾಲೆಗಳು ಬೇರೆ. ಇಂಥ ನಾಲೆಗಳ ದಂಡೆಯ ಮೇಲೆ ಇಂಜಿನಿಯರರ ತನಿಖೆಗೆಂದು ಮಾಡಿದ ಮಣ್ಣಿನ ಹಾದಿಯಿರುತ್ತದೆ. 2006–07ರಲ್ಲಿ ರಾಜ್ಯ ಸರ್ಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆಯನ್ನು ಆರಂಭಿಸಿ ಅನೇಕ ವರ್ಷ ನಡೆಸಿತು. ಸೈಕಲ್ ಬಂತು, ಸೈಕಲಿನ ಹಾದಿ ಬರಲಿಲ್ಲ. ಹಳ್ಳಿಯ ಹುಡುಗಿ ಕಬ್ಬಿನ ಲಾರಿ, ಮರಳಿನ ಟಿಪ್ಪರುಗಳ ಮಗ್ಗುಲಲ್ಲಿ ಹೆದ್ದಾರಿಯ ಅಂಚನ್ನೇ ಹಿಡಿದು ಶಾಲೆಗೆ ಬರಬೇಕಾಯಿತು.

ಹಾಗೆಂದು ದಂಡೆಗಳನ್ನು ಕಣ್ಣುಮುಚ್ಚಿ ತೆರೆಯಬೇಕೆಂಬುದು ಇಲ್ಲಿಯ ಅಭಿಪ್ರಾಯವಲ್ಲ. ಅಮೆರಿಕದ ಆ ಕಾಲುವೆ ಬಹುಮಟ್ಟಿಗೆ ಒಣಗಿದ್ದು. ಇಲ್ಲಿಯವು ಆಳವಾದ, ಸೆಳವುಳ್ಳ, ಬದುಕಿರುವ ನಾಲೆಗಳು. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಮಂದಿ ಅಸುನೀಗಿದರು. ಸತ್ತವರಲ್ಲಿ ಶಾಲೆಯಿಂದ ಮನೆಗೆ ಮರಳುತ್ತಿದ್ದ ಮಕ್ಕಳಿದ್ದರು. ದಂಡೆಗೆ ಭಾರಿ ವಾಹನ ಬಂದರೆ ಏನಾದೀತೆಂಬುದಕ್ಕೆ ಬೇರೆ ಸಾಕ್ಷ್ಯ ಬೇಡ. ಸೈಕಲಿಗಾದರೂ ನೀರಿನ ಬದಿಗೆ ತಡೆಗೋಡೆಯೋ ಬೇಲಿಯೋ ಬೇಕು, ಬಿದ್ದವರು ಹತ್ತಿಬರಲು ಅಲ್ಲಲ್ಲಿ ಮೆಟ್ಟಿಲು ಬೇಕು, ಮೋಟಾರು ನುಗ್ಗದಂತೆ ಎರಡೂ ತುದಿಗೆ ಕಲ್ಲುಕಂಬ ಬೇಕು. ಇವಿಲ್ಲದ ದಂಡೆ ಮಕ್ಕಳಿಗೆ ತಕ್ಕುದಲ್ಲ.

ಯಾವ ದಂಡೆ ತಕ್ಕುದು, ಯಾವುದು ಅಲ್ಲವೆಂಬುದು ಕಚೇರಿಯ ನಕಾಶೆಯಿಂದ ತಿಳಿಯದು. ಬೇಸಿಗೆಯಲ್ಲಿ ನಾಲೆಗೆ ನೀರು ನಿಲ್ಲಿಸುವ ವಾರಗಳಿರುತ್ತವೆ. ಆ ವಾರಗಳಲ್ಲಿ ನಾಲೆಸೀಮೆಯ ಪ್ರೌಢಶಾಲೆಗಳ ಅಧ್ಯಾಪಕರು, ಊರಿನ ಹಳೆಯ ವಿದ್ಯಾರ್ಥಿಗಳು, ಸಾಧ್ಯವಾದರೆ ನೀರಾವರಿ ಇಲಾಖೆಯ ಇಂಜಿನಿಯರರೊಬ್ಬರು ಕೂಡಿ, ತಮ್ಮ ಶಾಲೆಗೆ ಮಕ್ಕಳು ಬರುವ ಹಳ್ಳಿಗಳ ತನಕ ದಂಡೆಯ ಮೇಲೆ ನಡೆದು ಬರಲಿ. ಎಲ್ಲಿ ಮಣ್ಣು ಕುಸಿದಿದೆ, ಎಲ್ಲಿ ತೂಬಿನ ಮೇಲೆ ಹಲಗೆಯಿಲ್ಲ, ಎಲ್ಲಿ ಜಾಲಿ ಬೆಳೆದು ದಾರಿ ಮುಚ್ಚಿದೆ, ಯಾವ ಮೈಲಿಯಲ್ಲಿ ನೆರಳಿದೆ, ಹೆದ್ದಾರಿಯ ಎಷ್ಟು ದೂರ ಇದರಿಂದ ತಪ್ಪೀತು ಎಂಬುದನ್ನು ಒಂದು ನೋಟುಪುಸ್ತಕದಲ್ಲಿ ಬರೆದುಕೊಳ್ಳಲಿ. ಬೆಳಗಿನ ಆರು ಗಂಟೆಗೆ ಹೊರಟರೆ ಬಿಸಿಲೇರುವ ಮುಂಚೆ ಎಂಟು ಹತ್ತು ಕಿಲೋಮೀಟರು ನಡೆಯಬಹುದು.